ಅಪ್‌ಡೇಟ್: ಡೊಂಬಿವಲಿಯ ಮನೆಗೆ ಜೇಬಿನ ಲೇಸರ್ ಪ್ರೊಜೆಕ್ಟರ್

ಮೊಬೈಲಿಗೆ ಜೋಡಿಸುವ ಅಂಗೈಯಗಲದ ಲೇಸರ್ ಪ್ರೊಜೆಕ್ಟರ್ ಮುಂಬೈ ಬಳಿಯ ಡೊಂಬಿವಲಿಯ ನಮ್ಮ ಮನೆಗೂ ಇಲ್ಲಿನ ಕನ್ನಡ ಬಳಗದ ಉಪನ್ಯಾಸಗಳಿಗೂ ಆದೀತೇ ಎಂದು ಕೇಳಿದ್ದೆ. ಉತ್ತರಿಸಿದವರಿಗೆಲ್ಲ ಧನ್ಯವಾದಗಳು. ಠಾಣೆಯ ಸ್ನೇಹಿತರೊಬ್ಬರಿಂದ ಒಂದನ್ನು ಎರವಲು ತಂದು ನೋಡಿದೆ.

ಕೆಂಪು, ಹಸಿರು, ನೀಲಿ ಲೇಸರ್ ಕಿರಣಗಳನ್ನು ಒಂದುಗೂಡಿಸಿ, ಅತಿವೇಗವಾಗಿ ಕಂಪಿಸುವ ಪುಟ್ಟ ಕನ್ನಡಿಯ ಮೂಲಕ ಗೋಡೆಯ ಮೇಲೆ ಗೆರೆಗೆರೆಯಾಗಿ ಚಿತ್ರ ಬಿಡಿಸುವುದರಿಂದ ಇದರಲ್ಲಿ ಫೋಕಸ್ ಹೊಂದಿಸುವ ಗೋಜೇ ಇಲ್ಲ. ಓರೆಯಾಗಿ ಹಿಡಿದರೂ, ಮಡಿಕೆ ಬಿದ್ದ ಬಟ್ಟೆಯ ಮೇಲೆ ಬಿಟ್ಟರೂ ಅಕ್ಷರಗಳು ಮಸುಕಾಗುವುದಿಲ್ಲ. ಈ ಒಂದು ಗುಣಕ್ಕೆ ನಾನು ಮನಸೋತದ್ದು ನಿಜ.

ತೊಡಕಿರುವುದು ಬೆಳಕಿನಲ್ಲಿ. 2010ರಲ್ಲಿ ಬಂದ ಮೈಕ್ರೋವಿಷನ್ ಕಂಪನಿಯ ಮಾದರಿ 10 ಲೂಮೆನ್ (ಹೊರಸೂಸುವ ಬೆಳಕಿನ ಅಳತೆ) ಕೊಡುತ್ತಿದ್ದರೆ, ಸೋನಿಯ 2015ರ ಮಾದರಿಯದು 32 ಲೂಮೆನ್. ಸಭಾಂಗಣದ ಪ್ರೊಜೆಕ್ಟರುಗಳದೋ ಸಾವಿರಗಳ ಲೆಕ್ಕ. ಕಣ್ಣಿನ ಸುರಕ್ಷತೆಯ ಮಿತಿಯಿರುವುದರಿಂದ ಲೇಸರಿನ ಶಕ್ತಿಯನ್ನು ಮನಬಂದಂತೆ ಏರಿಸುವಂತಿಲ್ಲ. ಮೇಲಾಗಿ, ಚಿತ್ರದ ಅಗಲವನ್ನು ಇಮ್ಮಡಿಸಿದರೆ ಹೊಳಪು ನಾಲ್ಕನೇ ಒಂದಕ್ಕೆ ಇಳಿಯುತ್ತದೆ. ಎದುರಿನ ಕಟ್ಟಡದ ದೀಪಗಳು ನೇರವಾಗಿ ಒಳನುಗ್ಗುವ ನಮ್ಮ ಹಾಲ್‌ನಲ್ಲಿ ಕಿಟಕಿಯ ಪರದೆಗಳನ್ನೆಲ್ಲ ಎಳೆದ ಮೇಲಷ್ಟೇ ನೋಡುವಂತಾಯಿತು. ಆಗಲೂ ಬಿಳಿಯ ಭಾಗಗಳಲ್ಲಿ ಲೇಸರಿಗೆ ಸಹಜವಾದ ಮಿನುಗುಕಣಗಳು ಕಾಣುತ್ತಿದ್ದವು.

ಒಬ್ಬರು ಎಚ್ಚರಿಸಿದ್ದಂತೆ, ಫೋನಿನಲ್ಲಿ ಯುಎಸ್‌ಬಿ-ಸಿ ಇದ್ದ ಮಾತ್ರಕ್ಕೆ ಕೇಬಲ್ ಮೂಲಕ ಚಿತ್ರ ಹೊರಬರುವುದಿಲ್ಲ, ಆ ಕಿಂಡಿಯಿಂದಲೇ ಚಿತ್ರವನ್ನು ಹೊರಕಳಿಸುವ ಡಿಸ್‌ಪ್ಲೇಪೋರ್ಟ್ ಸೌಲಭ್ಯವೂ ಇರಬೇಕು. ನನ್ನ ಫೋನಿನಲ್ಲಿ ಅದಿಲ್ಲ, ಮಗಳದರಲ್ಲಿದೆ.

ಬಳಗದ ಕಾರ್ಯಕ್ರಮಗಳಿಗೆ ದೊಡ್ಡ ಪ್ರೊಜೆಕ್ಟರನ್ನೇ ಬಾಡಿಗೆಗೆ ತರುವುದೆಂದು ತೀರ್ಮಾನಿಸಿದ್ದೇವೆ. ಮಲಗುವ ಕೋಣೆಯ ಚಾವಣಿಗೆ ಮಾತ್ರ ಈ ಪುಟ್ಟದು ಸಾಕು. ಹಳೆಯದೊಂದು ಸುಸ್ಥಿತಿಯಲ್ಲಿ ಸಿಕ್ಕರೆ, ಬ್ಯಾಟರಿಯನ್ನು ಪರೀಕ್ಷಿಸಿ ಕೊಳ್ಳುತ್ತೇನೆ.