ಯುಪಿಎಸ್‌ಸಿ ಇಂಟರ್‌ವ್ಯೂ: ಬಾಗಲಕೋಟೆ ಬಗ್ಗೆ ಏನು ಓದಲಿ?

ನವನಗರ ಹುಡುಗ: ಮೇನ್ಸ್ ಪಾಸಾಯ್ತು. ಡಾಫ್‌ನಲ್ಲಿ (ನಮ್ಮ ವಿವರ ತುಂಬುವ ಅರ್ಜಿ) ಊರು ಬಾಗಲಕೋಟೆ, ಹವ್ಯಾಸ ಅಡುಗೆ ಅಂತ ಬರೆದಿದ್ದೇನೆ. ಕನ್ನಡದಲ್ಲೇ ಮಾತಾಡಬಹುದಾ?

ಘಟಪ್ರಭಾ: ಮಾತಾಡಬಹುದು, ಆದರೆ ಫಾರ್ಮ್‌ನಲ್ಲಿ ಇಂಟರ್‌ವ್ಯೂ ಭಾಷೆ ಕನ್ನಡ ಅಂತ ತುಂಬಿರಬೇಕು. ದುಭಾಷಿ ಇರುತ್ತಾರೆ, ಚಿಕ್ಕ ವಾಕ್ಯದಲ್ಲಿ ಹೇಳಿ. ಒಟ್ಟು 2025 ಅಂಕದಲ್ಲಿ ಇದಕ್ಕೆ 275, ಸುಮ್ನೆ ಹೆದರಬೇಡಿ. ಆಲಮಟ್ಟಿ ಅಣೆಕಟ್ಟು ಮಾತ್ರ ಬಿಡಬೇಡಿ. ನೀರು ನಿಲ್ಲಿಸುವ ಮಟ್ಟವನ್ನು (ಸಮುದ್ರ ಮಟ್ಟದಿಂದ) 519.6 ಮೀಟರ್‌ನಿಂದ 524.256ಕ್ಕೆ ಏರಿಸಿದರೆ ಯಾರ ಹೊಲಕ್ಕೆ ನೀರು, ಯಾರ ಹೊಲ ಮುಳುಗುತ್ತೆ, ಮಹಾರಾಷ್ಟ್ರ ಯಾಕೆ ಬೇಡ ಅನ್ನುತ್ತೆ, ಎಲ್ಲಾ ಕಡೆಯ ವಾದ ಗೊತ್ತಿರಬೇಕು. ನವನಗರದವರು ಅಲ್ವಾ? ಆಲಮಟ್ಟಿ ಹಿನ್ನೀರಿನಿಂದಾಗಿ ಹಳೇ ಊರು ಬಿಟ್ಟು ಬಂದ ಕಥೆ ಮನೆಯ ಹಿರಿಯರನ್ನೇ ಕೇಳಿ.

ಇಳಕಲ್ ಅಕ್ಕ: ತಮ್ಮಾ, ಹವ್ಯಾಸ ಅಡುಗೆ ಅಂತ ಬರೆದಿದ್ದೀಯಲ್ಲ, ರೊಟ್ಟಿಗೆ ಜೋಳದ ಹಿಟ್ಟಿಗೆ ಕುದಿಯೋ ನೀರು ಯಾಕೆ ಅಂತ ಕೇಳಿದ್ರೆ ಏನು ಹೇಳ್ತೀಯಾ? ಜೋಳದಲ್ಲಿ ಗ್ಲುಟನ್ ಇಲ್ಲ, ಬಿಸಿನೀರಿಗೆ ಪಿಷ್ಟ ಅಂಟಾಗಿ ರೊಟ್ಟಿ ಬಿರಿಯಲ್ಲ. ಮೊದಲು ಬಡಿದು ನೋಡು.

ನವನಗರ ಹುಡುಗ: ಅಕ್ಕಾ, ನನಗೆ ಬರೋದು ಉಪ್ಪಿಟ್ಟು ಮಾತ್ರ!