ಸಹಾಯ ಬೇಕು: ಅಮಾಲ್ಫಿ ಕರಾವಳಿಯಲ್ಲಿ ಅಪ್ಪ-ಅಮ್ಮನ ಜೊತೆ ಒಂದು ದಿನದ ದೋಣಿ ಪ್ರಯಾಣ

ಎಲ್ಲರಿಗೂ ನಮಸ್ಕಾರ. ನಾವು ಮ್ಯೂನಿಕ್‌ನಲ್ಲಿದ್ದೇವೆ. ಶಿವಮೊಗ್ಗದಿಂದ ಅಪ್ಪ-ಅಮ್ಮ ಬಂದಿದ್ದಾರೆ. ಸೆಪ್ಟೆಂಬರ್ ಎರಡನೇ ವಾರ ಅವರನ್ನೂ ಆರು ವರ್ಷದ ಮಗಳನ್ನೂ ಕರೆದುಕೊಂಡು ಇಟಲಿಯ ಸಲೆರ್ನೊಗೆ ಹೋಗುತ್ತಿದ್ದೇವೆ. ಅಲ್ಲಿಂದ ಬಾಡಿಗೆ ದೋಣಿಯಲ್ಲಿ ಅಮಾಲ್ಫಿ, ಪೊಸಿಟಾನೊ ನೋಡಿ ಬರುವ ಆಸೆ. ಬಸ್ಸಂತೂ ಬೇಡ. ಅಮ್ಮನಿಗೆ ಆಗುಂಬೆ ಘಾಟಿಯ ತಿರುವುಗಳಲ್ಲೇ ಪ್ರತಿ ಸಲ ವಾಂತಿ.

ಇಟಲಿಯಲ್ಲಿ 40 ಎಚ್‌ಪಿವರೆಗಿನ ಎಂಜಿನ್ ಆದರೆ ಲೈಸೆನ್ಸ್ ಇಲ್ಲದೆ ನಾವೇ ಓಡಿಸಬಹುದು. ನಮ್ಮ ಯಜಮಾನರಿಗೆ ಅದೇ ಉತ್ಸಾಹ. ನನಗೆ ಮಾತ್ರ ಓಡಿಸುವವರು ಜೊತೆಗಿದ್ದರೇ ಧೈರ್ಯ. ಹೋದ ವರ್ಷ ಬೇರೊಂದು ಊರಲ್ಲಿ ಬಾಡಿಗೆಗೆ ತಗೊಂಡ ದೋಣಿಯಲ್ಲಿ ಮಕ್ಕಳ ಅಳತೆಯ ಲೈಫ್ ಜಾಕೆಟ್ಟೇ ಇರಲಿಲ್ಲ. ದೊಡ್ಡವರದ್ದನ್ನೇ ಹಾಕಿದರು. ಮಗಳ ಗಲ್ಲ, ಕಿವಿ ಎಲ್ಲಾ ಅದರೊಳಗೆ ಹೂತುಹೋಗಿ ಬರೀ ಕಣ್ಣು ಕಾಣುತ್ತಿತ್ತು. ಇಡೀ ದಿನ ಅವಳ ತೋಳು ಹಿಡಿದೇ ಕೂತಿದ್ದೆ.

ಅಪ್ಪನಿಗೆ ಮಂಡಿ ನೋವು. ಪೊಸಿಟಾನೊದಲ್ಲಿ ಇಳಿದರೆ ಮೆಟ್ಟಿಲು ಜಾಸ್ತಿ. ಅಲ್ಲಿನ ಚರ್ಚ್‌ನ ಹಳದಿ-ಹಸಿರು ಹೆಂಚಿನ ಗುಮ್ಮಟವನ್ನು ನೀರಿನಿಂದಲೇ ತೋರಿಸಿದರೂ ಸಾಕು. ಆದರೆ ಕೊಂಕಾ ದೇಯ್ ಮರೀನಿಯ ಪಚ್ಚೆ ಗುಹೆಯನ್ನು, ಅದೇ ಗ್ರೊಟ್ಟಾ ದೆಲ್ಲೊ ಸ್ಮೆರಾಲ್ಡೊ, ಅವರು ನೋಡಲೇಬೇಕು ಅಂತ ನನ್ನಾಸೆ. ಒಳಗೆ ಹುಟ್ಟು ಹಾಕುವ ಚಿಕ್ಕ ದೋಣಿ ಹತ್ತಬೇಕಲ್ವಾ, ವಯಸ್ಸಾದವರಿಗೆ ಆಗುತ್ತಾ?

ಹೋಗಿ ಬಂದವರು ದಯವಿಟ್ಟು ಹೇಳಿ. ಸಲೆರ್ನೊ ಕಟ್ಟೆಯಿಂದ ದೋಣಿಗೆ ಕಾಲಿಡುವುದು ಸುಲಭವೇ? ಬಿಸಿಲಿಗೆ ಮೇಲೆ ಚಾವಣಿ ಇರುವ ದೋಣಿ ಸಿಗುತ್ತಾ? ಮಧ್ಯಾಹ್ನದ ಮೇಲೆ ಅಲೆ ಜಾಸ್ತಿಯಾಗುತ್ತಾ? ಪೆಟ್ರೋಲ್ ಖರ್ಚು ಬಾಡಿಗೆಯಲ್ಲೇ ಸೇರಿರುತ್ತಾ?

ಊಟದ ಚಿಂತೆ ಇಲ್ಲ, ಅಮ್ಮ ಚಪಾತಿ, ಚಟ್ನಿಪುಡಿ ಕಟ್ಟಿಕೊಳ್ಳುತ್ತಾರೆ. ಈ ಭಾನುವಾರದೊಳಗೆ ಬುಕ್ ಮಾಡಬೇಕು.