ಫುಟ್‌ಪಾತ್‌ನವರು ಎಸ್‌ಆರ್‌ಎ ರೂಮು ಸಿಕ್ಕರೂ ಯಾಕೆ ಬಿಟ್ಟು ಹೋಗ್ತಾರೆ?

ಚೆಂಬೂರು ಓದುಗ: ಮುಂಬೈಯ ಮಾನಖುರ್ದ್, ಗೋವಂಡಿ ಕಡೆ ಕಲಬುರಗಿ, ರಾಯಚೂರು ಮೂಲದ ನಾಕಾ (ದಿನಗೂಲಿಗೆ ಕಾಯೋ ಚೌಕ) ಕೂಲಿಯವರಿಗೆ ಕಾಗದಪತ್ರ ಮಾಡಿಸಿಕೊಡೋ ಗುಂಪು ನಮ್ಮದು. ಎಸ್‌ಆರ್‌ಎ (ಕೊಳೆಗೇರಿ ಪುನರ್ವಸತಿ ಪ್ರಾಧಿಕಾರ) ಯೋಜನೆಯಲ್ಲಿ ಬಿಲ್ಡರ್ ಕಟ್ಟಿಕೊಡೋ ರೂಮು ಸಿಕ್ಕವರಲ್ಲಿ ಕೆಲವರು ಅದನ್ನ ಬಾಡಿಗೆಗೆ ಕೊಟ್ಟು ಮತ್ತೆ ರಸ್ತೆ ಬದಿಗೇ ಬರ್ತಾರೆ. ದೇಣಿಗೆ ಕೊಡೋರು "ಇವರಿಗೆ ಮಾಡಿದ್ದೆಲ್ಲ ದಂಡ" ಅಂತ ಮೂಗು ಮುರೀತಾರೆ. ಎಡವಟ್ಟು ಆಗೋದು ಎಲ್ಲಿ?

ಸೊಸೈಟಿ ಲೆಕ್ಕ: ಮೊದಲು ಮೆಂಟೆನೆನ್ಸ್ ನೋಡಿ ಸರ್. ರೂಮು ಪುಕ್ಕಟೆ, ಲಿಫ್ಟು ಪುಕ್ಕಟೆ ಅಲ್ಲ. ಬಿಲ್ಡರ್ ಒಂದು ರೂಮಿಗೆ 40,000 ರೂಪಾಯಿ ಠೇವಣಿ ಇಡಬೇಕು ಅಂತ ನಿಯಮ ಇತ್ತು. 100 ರೂಮಿಗೆ 40 ಲಕ್ಷ. ಶೇ. 6 ಬಡ್ಡಿ ಹಿಡಿದರೆ ತಿಂಗಳಿಗೆ 20,000, ಅಂದ್ರೆ ರೂಮಿಗೆ 200 ರೂಪಾಯಿ. ಇಷ್ಟರಲ್ಲೇ ಲಿಫ್ಟು, ನೀರಿನ ಪಂಪು, ಮೆಟ್ಟಿಲಿನ ಲೈಟು, ಕಸ ಗುಡಿಸೋನ ಪಗಾರ ಎಲ್ಲ ಸಾಗಬೇಕು. ಸಾಗಲ್ಲ. ಮೇಲಿನ ಮಹಡಿಯ ನಾಲ್ಕು ಮನೆಯವರು ದುಡ್ಡು ನಿಲ್ಲಿಸಿದರೆ ಲಿಫ್ಟು ನಿಲ್ಲುತ್ತೆ. ಲಿಫ್ಟು ನಿಂತಿತು ಅಂತ ಉಳಿದವರೂ ಕೊಡಲ್ಲ. ಆಮೇಲೆ ಪಂಪು. ಬಕೆಟ್ ಹಿಡಿದು 11ನೇ ಮಹಡಿ ಹತ್ತೋರು ಎಷ್ಟು ದಿನ ಇರ್ತಾರೆ? ಕೀಲಿ ಕೈ ಸೇರೋ ಮೊದಲೇ ಕಮಿಟಿ ಕಟ್ಟಿ, ಠೇವಣಿ ಯಾವ ಖಾತೆಯಲ್ಲಿದೆ ಅಂತ ಬರಹದಲ್ಲಿ ಕೇಳಿ. ದಿನಗೂಲಿಯವರಿಂದ ತಿಂಗಳ ಗಂಟು ಕೇಳಬೇಡಿ, ವಾರಕ್ಕೊಮ್ಮೆ ವಸೂಲಿ ಮಾಡಿ.

ನಾಕಾ ಮಂದಿ: ದುಡ್ಡಿಗಿಂತ ದುಡಿಮೆ ದೊಡ್ಡದು ರೀ. ಭಂಗಾರ (ಗುಜರಿ) ಆಯೋರಿಗೆ ಅದನ್ನ ಹರವಿ ಬೇರ್ಪಡಿಸಲು ನೆಲ ಬೇಕು, ಠೇಲಾ (ತಳ್ಳುಗಾಡಿ) ನಿಲ್ಲಿಸಲು ಜಾಗ ಬೇಕು. 300 ಚದರಡಿ ರೂಮಿನೊಳಗೆ ಎರಡೂ ಆಗಲ್ಲ. ನಾಕಾ ದೂರ ಆದರೆ ಬೆಳಿಗ್ಗೆ ಕೂಲಿಗೆ ಕರೆಯೋ ಮುಕಾದಮನ ಕಣ್ಣಿಗೆ ಬೀಳೋ ಹೊತ್ತೇ ತಪ್ಪುತ್ತೆ. ಇನ್ನು ಯಾರಿಗೆ ಯಾವ ರೂಮು ಅಂತ ಎತ್ತೋ ಲಾಟರಿ: ಅಕ್ಕಪಕ್ಕ ಇದ್ದವರು ಬೇರೆ ಬೇರೆ ಕಟ್ಟಡಕ್ಕೆ ಚದುರಿದರೆ ಕೂಸನ್ನ ನೋಡಿಕೊಳ್ಳೋರು ಯಾರು? ಅಂಗವಿಕಲರಿಗೂ ಹೆಂಗಸೇ ಯಜಮಾನಿಯಾದ ಮನೆಗಳಿಗೂ ಲಾಟರಿಗೆ ಮೊದಲೇ ಹಂಚಿಕೆ ಅಂತ ನಿಯಮ ಇದೆ. ಆ ಹೆಸರುಗಳನ್ನ ಬೇರೆ ಪಟ್ಟಿ ಮಾಡಿ ಕೊಡಿ. ರೂಮು ಗಂಡ ಹೆಂಡತಿ ಇಬ್ಬರ ಹೆಸರಿಗೂ ಆಗಿದೆಯಾ ನೋಡಿ. ಕುಡುಕ ಗಂಡ ಒಬ್ಬನೇ ದಲಾಲನ ಕಾಗದಕ್ಕೆ ಹೆಬ್ಬೆಟ್ಟು ಒತ್ತೋದು ಅಲ್ಲೇ ನಿಲ್ಲುತ್ತೆ.

ಫಾರಂ ಆರು: ಎಲ್ಲರೂ ರೂಮು ಸಿಕ್ಕವರ ಮಾತೇ ಆಡ್ತಿದ್ದೀರಿ. 1-1-2000ಕ್ಕೆ ಮುಂಚಿನ ಝೋಪಡಿ (ಗುಡಿಸಲು) ಇದ್ದವರಿಗೆ ಪುಕ್ಕಟೆ, 2011ರ ಜನವರಿ 1ರವರೆಗಿನವರಿಗೆ 2.5 ಲಕ್ಷ. ಪ್ಲಾಸ್ಟಿಕ್ ಹಾಳೆ ಹೊದ್ದು ಮಲಗೋನಿಗೆ ಝೋಪಡಿಯೇ ಇಲ್ಲ, ಸರ್ವೇಲಿ ನಂಬರೇ ಬೀಳಲ್ಲ. ಅಂಥವರಿಗೆ ಮತದಾರ ಪಟ್ಟಿಯಿಂದ ಶುರು ಮಾಡಿ. ಮನೆ ಇಲ್ಲದವರು ಫಾರಂ 6ಕ್ಕೆ (ಪಟ್ಟಿಗೆ ಹೆಸರು ಸೇರಿಸೋ ಅರ್ಜಿ) ವಿಳಾಸದ ಪುರಾವೆ ಕೊಡಬೇಕಿಲ್ಲ. ಬಿಎಲ್‌ಒ (ಬೂತ್ ಮಟ್ಟದ ಚುನಾವಣಾ ಅಧಿಕಾರಿ) ರಾತ್ರಿ ಬಂದು ಅಲ್ಲೇ ಮಲಗ್ತಾರಾ ಅಂತ ನೋಡಬೇಕು, ಒಂದಕ್ಕಿಂತ ಹೆಚ್ಚು ರಾತ್ರಿ. ಊರ ಜಾತ್ರೆ, ಬಿತ್ತನೆ ದಿನಗಳಲ್ಲಿ ಅರ್ಜಿ ಹಾಕಿದರೆ ಅವರು ಬಂದಾಗ ಜಾಗ ಖಾಲಿ, ಹೆಸರು ತಿರಸ್ಕಾರ.

ಚೆಂಬೂರು ಓದುಗ: ಅಲ್ಲಿವರೆಗೆ ರೈನ್‌ಬಸೇರಾ (ರಾತ್ರಿ ತಂಗೋ ಆಸರೆ)?

ಫಾರಂ ಆರು: ಒಂದು ಲಕ್ಷ ಜನಸಂಖ್ಯೆಗೆ 100 ಮಂದಿಯ ಒಂದು ಆಸರೆ, ಒಬ್ಬರಿಗೆ 50 ಚದರಡಿ, 24 ತಾಸೂ ತೆರೆದಿರಬೇಕು ಅನ್ನೋದು ಕೇಂದ್ರದ ಯೋಜನೆಯಲ್ಲಿದ್ದ ಮಾನದಂಡ. ಆದರೆ ಗಂಡಸರು, ಹೆಂಗಸರು ಬೇರೆ ಬೇರೆ ಅಂದರೆ ಕುಟುಂಬ ಹೋಗಲ್ಲ. ಕುಟುಂಬಕ್ಕೆ ಜಾಗ ಇದೆಯಾ, ಸಾಮಾನಿಗೆ ಬೀಗದ ಕಪಾಟು ಇದೆಯಾ ಅಂತ ಕೇಳಿಕೊಂಡೇ ಕಳಿಸಿ.